ಐಸಿಯುನಲ್ಲಿ ಬಿಪಿ ಮತ್ತು ರಕ್ತದ ಹರಿವು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಐಸಿಯು ಬಾಗಿಲ ಹೊರಗೆ ಕೂತವರಿಗೆ ಒಳಗಿಂದ ಬರುವ ಸುದ್ದಿಯಲ್ಲಿ ಬಿಪಿಯ ಮಾತು ಇದ್ದೇ ಇರುತ್ತದೆ. ‘ಬಿಪಿ ಲೋ ಇದೆ’, ‘ಬಿಪಿಗೆ ಸಪೋರ್ಟ್ ಹಾಕಿದ್ದೀವಿ’, ‘ಸಪೋರ್ಟ್ ಸ್ವಲ್ಪ ಇಳಿಸಿದ್ದೀವಿ’. ಇದನ್ನೆಲ್ಲ ಬಿಡಿಸಿ ಹೇಳುವಷ್ಟು ಪುರುಸೊತ್ತು ಒಳಗಿದ್ದವರಿಗೆ ಸಿಗುವುದು ಕಡಿಮೆ. ರೌಂಡ್ಸ್ ಮುಗಿಸಿ ಹೊರಗೆ ಬಂದಾಗ ಜನ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ಸೇರಿಸಿದ್ದೇನೆ. ಹೆಚ್ಚಿನವು ಸೆಪ್ಸಿಸ್ ಆದವರ ಬಗ್ಗೆ, ಅಂದರೆ ಸೋಂಕು ಮೈಗೆಲ್ಲ ಏರಿ ಅಂಗಾಂಗಗಳಿಗೆ ಪೆಟ್ಟು ಬಿದ್ದವರ ಬಗ್ಗೆ. ನಿಮ್ಮವರ ವಿಷಯದಲ್ಲಿ ಕೊನೆಯ ಮಾತು ಅವರನ್ನು ನೋಡುತ್ತಿರುವ ಡಾಕ್ಟರದ್ದೇ.

ಮಾನಿಟರ್‌ನಲ್ಲಿ 90/60 ಅಂತ ಇದೆ, ಪಕ್ಕದಲ್ಲೇ 70 ಅಂತ ಇನ್ನೊಂದು ನಂಬರ್ ಇದೆ. ಅದೇನು?

ಅದು ಸರಾಸರಿ ಒತ್ತಡ. ನಾವು ಅದನ್ನು ‘ಮ್ಯಾಪ್’ ಅನ್ನುತ್ತೇವೆ. ಕೆಳಗಿನ ಸಂಖ್ಯೆಯನ್ನು ಎರಡು ಸಲ, ಮೇಲಿನದನ್ನು ಒಂದು ಸಲ ಕೂಡಿಸಿ 3ರಿಂದ ಭಾಗಿಸಿದರೆ ಹೆಚ್ಚುಕಡಿಮೆ ಅದು ಬರುತ್ತದೆ. 60 ಎರಡು ಸಲ 120, ಅದಕ್ಕೆ 90 ಸೇರಿಸಿದರೆ 210, ಮೂರರಿಂದ ಭಾಗಿಸಿದರೆ 70. ಕೆಳಗಿನದಕ್ಕೆ ಎರಡು ಪಾಲು ಯಾಕೆಂದರೆ, ಹೃದಯ ಹಿಂಡುವ ಹೊತ್ತಿಗಿಂತ ಸಡಿಲಗೊಂಡು ತುಂಬಿಕೊಳ್ಳುವ ಹೊತ್ತು ಜಾಸ್ತಿ.

ಐಸಿಯುನಲ್ಲಿ ನಾವು ಮೊದಲು ನೋಡುವುದು ಈ ಮೂರನೇ ಸಂಖ್ಯೆಯನ್ನು. 100/45 ಅಂದರೆ ಮನೆಯವರಿಗೆ ಸಮಾಧಾನ, ‘ನೂರಿದೆಯಲ್ಲ’ ಅನ್ನುತ್ತಾರೆ. ಲೆಕ್ಕ ಹಾಕಿದರೆ ಮ್ಯಾಪ್ ಬರೀ 63. ಅದೇ 85/58 ಅಂದರೆ ಗಾಬರಿ ಬೀಳುತ್ತಾರೆ. ಅಲ್ಲಿ ಮ್ಯಾಪ್ 67.

ಬಿಪಿ ಸರಿ ಇದೆ ಅಂದ್ರೆ ರಕ್ತ ಸರಿಯಾಗಿ ಹರೀತಿದೆ ಅಂತಲೇ ಅರ್ಥ ಅಲ್ವಾ?

ಅಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಹೊತ್ತು ನಿಮಗಿದ್ದರೆ ಇದನ್ನೇ ಓದಿ.

ಬಿಪಿ ಅಂದರೆ ಒತ್ತಡ. ಮಿದುಳಿಗೆ, ಕಿಡ್ನಿಗೆ, ಕರುಳಿಗೆ ಬೇಕಾದದ್ದು ಹರಿವು. ನಿಮಿಷಕ್ಕೆ ಇಷ್ಟು ರಕ್ತ, ಅದರ ಜೊತೆ ಇಷ್ಟು ಆಕ್ಸಿಜನ್. ಆರಾಮಾಗಿ ಮಲಗಿರುವ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ. ಒತ್ತಡ ಅಳೆಯುವುದು ಸುಲಭ, ತೋಳಿಗೆ ಪಟ್ಟಿ ಸುತ್ತಿದರೆ ಆಯಿತು. ಹರಿವು ಅಳೆಯುವುದು ಕಷ್ಟ. ಅದಕ್ಕೇ ಮಾನಿಟರ್ ಮೇಲೆ ಬಿಪಿ ದಪ್ಪ ಅಕ್ಷರದಲ್ಲಿ ಕೂತಿರುತ್ತದೆ, ಹರಿವಿನ ಸುದ್ದಿ ಅಲ್ಲಿ ಸಿಗುವುದಿಲ್ಲ.

ಗಿಡಕ್ಕೆ ನೀರು ಬಿಡುವ ಪೈಪಿನ ಬಾಯಿಯನ್ನು ಹೆಬ್ಬೆರಳಿನಿಂದ ಅರ್ಧ ಮುಚ್ಚಿ ನೋಡಿ. ಪೈಪಿನ ಒಳಗೆ ಒತ್ತಡ ಏರುತ್ತದೆ, ನೀರು ದೂರಕ್ಕೆ ಚಿಮ್ಮುತ್ತದೆ. ಆದರೆ ಬಕೆಟ್ ತುಂಬಲು ಮೊದಲಿಗಿಂತ ಜಾಸ್ತಿ ಹೊತ್ತು ಬೇಕು. ರಕ್ತನಾಳ ತೀರಾ ಬಿಗಿಯಾದರೆ ಆಗುವುದೂ ಇದೇ. ನಾಳದ ಅಗಲ ಅರ್ಧವಾದರೆ, ಒತ್ತಡ ಅಷ್ಟೇ ಇದ್ದರೂ, ಹರಿವು ಲೆಕ್ಕದ ಪ್ರಕಾರ 16ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಮಾನಿಟರ್‌ನಲ್ಲಿ ಒಳ್ಳೇ ಬಿಪಿ ಇದ್ದೂ ಕೈಕಾಲು ತಣ್ಣಗೆ, ಮೂತ್ರ ಬಂದ್ ಆಗಿರಬಹುದು. ಉಲ್ಟಾ ಕೂಡ ನಿಜ. ಬಿಪಿ ಸ್ವಲ್ಪ ಕೆಳಗಿದ್ದರೂ ಕೈ ಬೆಚ್ಚಗಿದ್ದು, ಕರೆದರೆ ಕಣ್ಣು ಬಿಟ್ಟು, ಮೂತ್ರ ಸರಿಯಾಗಿ ಹೋಗುತ್ತಿದ್ದರೆ ನಮಗೆ ಅಷ್ಟು ಆತಂಕ ಇರುವುದಿಲ್ಲ.

ಹಾಗಂತ ಒತ್ತಡ ಲೆಕ್ಕಕ್ಕೇ ಇಲ್ಲ ಅಂತಲ್ಲ. ಆರೋಗ್ಯವಾಗಿದ್ದಾಗ ಮಿದುಳು, ಕಿಡ್ನಿಯಂಥ ಅಂಗಗಳು ತಮಗೆ ಬೇಕಾದ ಹರಿವನ್ನು ತಾವೇ ನೋಡಿಕೊಳ್ಳುತ್ತವೆ. ಒತ್ತಡ ಇಳಿದರೆ ತಮ್ಮ ನಾಳವನ್ನು ಹಿಗ್ಗಿಸುತ್ತವೆ, ಏರಿದರೆ ಕುಗ್ಗಿಸುತ್ತವೆ. ನೀವು ಮಲಗಿದವರು ಧಡಕ್ಕನೆ ಎದ್ದು ನಿಂತರೂ ತಲೆ ಸುತ್ತದೇ ಇರುವುದರಲ್ಲಿ ಈ ಏರ್ಪಾಡಿನ ಪಾಲೂ ಇದೆ. ಆದರೆ ಇದಕ್ಕೊಂದು ಕೆಳಮಿತಿ ಉಂಟು. ಒತ್ತಡ ಅದಕ್ಕಿಂತ ಕೆಳಗೆ ಹೋದರೆ ನಾಳ ಇನ್ನು ಹಿಗ್ಗಲಾರದು. ಅಲ್ಲಿಂದ ಮುಂದೆ ಒತ್ತಡ ಎಷ್ಟು ಬೀಳುತ್ತದೋ ಹರಿವೂ ಅಷ್ಟು ಬೀಳುತ್ತದೆ. ಸೆಪ್ಸಿಸ್‌ನಲ್ಲಿ, ತಲೆಗೆ ಪೆಟ್ಟಾದಾಗ ಈ ಏರ್ಪಾಡೇ ಕೈಕೊಡುವುದುಂಟು. ಆಗ ಪ್ರತಿ ಏರಿಳಿತವೂ ನೇರವಾಗಿ ಅಂಗಕ್ಕೇ ತಟ್ಟುತ್ತದೆ.

ಎಲ್ಲರಿಗೂ 65 ಅಂತಾರೆ. ಜಾಸ್ತಿ ಇಟ್ಟರೆ ಒಳ್ಳೇದಲ್ವಾ?

ಅಂಗಗಳಿಗೆ ಸಾಕಷ್ಟು ರಕ್ತ ಮುಟ್ಟದ ಸ್ಥಿತಿಗೆ ನಾವು ‘ಶಾಕ್’ ಅನ್ನುತ್ತೇವೆ, ಸೆಪ್ಸಿಸ್‌ನಿಂದ ಬಿಪಿ ಬಿದ್ದು ಹಾಗಾದರೆ ಅದು ಸೆಪ್ಟಿಕ್ ಶಾಕ್. ಸೆಪ್ಟಿಕ್ ಶಾಕ್‌ಗೆ ಜಗತ್ತಿನಾದ್ಯಂತ ಮೊದಲ ಗುರಿ ಮ್ಯಾಪ್ 65. ಇನ್ನೂ ಮೇಲಿಟ್ಟರೆ ಲಾಭ ಉಂಟಾ ಅಂತ ಫ್ರಾನ್ಸಿನಲ್ಲಿ 776 ಪೇಷೆಂಟ್‌ಗಳ ಮೇಲೆ ನೋಡಿದರು. ಒಂದು ಗುಂಪಿಗೆ 65ರಿಂದ 70, ಇನ್ನೊಂದಕ್ಕೆ 80ರಿಂದ 85. ಫಲಿತಾಂಶ 2014ರಲ್ಲಿ ಬಂತು. ಸಾವಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಮೇಲಿಟ್ಟವರಲ್ಲಿ ಹೃದಯದ ಬಡಿತ ತಾಳ ತಪ್ಪಿದ್ದು ಜಾಸ್ತಿ. ಆದರೆ ಮೊದಲಿಂದಲೂ ಬಿಪಿ ಕಾಯಿಲೆ ಇದ್ದವರಲ್ಲಿ ಮಾತ್ರ ಮೇಲಿಟ್ಟಾಗ ಡಯಾಲಿಸಿಸ್ ಬೇಕಾದವರು ಕಡಿಮೆಯಾದರು.

2020ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ಅಧ್ಯಯನ ಬಂತು. ಅದರಲ್ಲಿ 65 ದಾಟಿದ 2600 ಹಿರಿಯರಿದ್ದರು. ಒಂದು ಗುಂಪಿನಲ್ಲಿ ಮ್ಯಾಪ್ 60ರಿಂದ 65ರ ನಡುವೆ ಇದ್ದರೂ ಸಾಕು ಅಂತ ಬಿಟ್ಟರು, ಔಷಧವೂ ಕಡಿಮೆ ಸಾಕಾಯಿತು. ಸಾವು ಹೆಚ್ಚಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, 65ನ್ನು ಹೊರಡುವ ಜಾಗ ಅಂತ ತಿಳಿದರೆ ಸಾಕು. ಅಲ್ಲಿಂದ ಆ ಮನುಷ್ಯನನ್ನು ನೋಡಿ ಮೇಲೆ ಕೆಳಗೆ ಮಾಡಬೇಕು.

ಅಪ್ಪಂಗೆ ಮನೇಲಿ ಯಾವಾಗ್ಲೂ ಬಿಪಿ ಜಾಸ್ತಿ. ಇಲ್ಲಿ ಲೋ ಅಂತಾರೆ, ಬಿಪಿ ಮಾತ್ರೇನೂ ನಿಲ್ಲಿಸಿದ್ದಾರೆ. ಯಾಕೆ?

ನಿಲ್ಲಿಸಿದ್ದು ಸರಿ. ಟೆಲ್ಮಿಸಾರ್ಟಾನ್, ಆಮ್ಲೋಡಿಪಿನ್ ಥರದ ಮಾತ್ರೆಗಳು ನಾಳವನ್ನು ಸಡಿಲ ಮಾಡುತ್ತವೆ. ಶಾಕ್‌ನಲ್ಲಿ ನಾಳ ಮೊದಲೇ ಸಡಿಲವಾಗಿರುತ್ತದೆ.

ಆದರೆ ಈ ಮಾಹಿತಿ ತುಂಬಾ ಮುಖ್ಯ, ನೀವಾಗಿಯೇ ಡಾಕ್ಟರಿಗೆ ಹೇಳಿ. ವರ್ಷಗಟ್ಟಲೆ 160ರಲ್ಲಿ ಇದ್ದವರ ಅಂಗಗಳು ಆ ಒತ್ತಡಕ್ಕೇ ಒಗ್ಗಿಹೋಗಿರುತ್ತವೆ, ಅವರ ಕೆಳಮಿತಿಯೂ ಮೇಲೆ ಸರಿದಿರುತ್ತದೆ. ಬೇರೆಯವರಿಗೆ ಸಾಕಾಗುವ ಒತ್ತಡ ಅವರ ಕಿಡ್ನಿಗೆ ಸಾಲದೇ ಹೋಗಬಹುದು. ಮನೆಯಲ್ಲಿ ಬರೆದಿಟ್ಟ ಬಿಪಿ ಚೀಟಿ, ಹಳೇ ಓಪಿಡಿ ಬುಕ್ ಇದ್ದರೆ ತಂದುಕೊಡಿ. ‘ಜಾಸ್ತಿ ಇತ್ತು’ ಅನ್ನುವುದಕ್ಕಿಂತ ‘ಮಾತ್ರೆ ತಗೊಂಡ್ರೂ 150 ಇರ್ತಿತ್ತು’ ಅಂದರೆ ನಮಗೆ ಉಪಯೋಗ.

ಅಷ್ಟಕ್ಕೂ ಬಿಪಿ ಬಿದ್ದಿದ್ದು ಯಾಕೆ?

ಮುಖ್ಯವಾಗಿ ನಾಲ್ಕು ದಾರಿ. ಒಳಗಿನ ದ್ರವ ಕಡಿಮೆಯಾಗಿರಬಹುದು: ರಕ್ತಸ್ರಾವ, ವಾಂತಿಭೇದಿ, ಡೆಂಗ್ಯೂ. ಹೃದಯವೇ ಸೋತಿರಬಹುದು, ಉದಾಹರಣೆಗೆ ದೊಡ್ಡ ಹಾರ್ಟ್ ಅಟ್ಯಾಕ್. ನಾಳಗಳು ಸಡಿಲ ಬಿದ್ದಿರಬಹುದು: ಸೆಪ್ಸಿಸ್, ತೀವ್ರ ಅಲರ್ಜಿ. ಇಲ್ಲವೇ ದಾರಿಯಲ್ಲಿ ಅಡ್ಡ ಬಂದಿರಬಹುದು, ಶ್ವಾಸಕೋಶದ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡ ಹಾಗೆ. ಒಬ್ಬರಲ್ಲೇ ಎರಡು ಕೂಡಿಕೊಳ್ಳುವುದೂ ಉಂಟು. ಬೆಡ್ ಪಕ್ಕಕ್ಕೇ ಎಕೋ ಮೆಷಿನ್ ತಂದು ಎದೆಯ ಮೇಲೆ ಜೆಲ್ ಹಚ್ಚಿ ನೋಡುತ್ತಾರಲ್ಲ, ಹೆಚ್ಚಾಗಿ ಇದನ್ನು ಬೇರೆ ಮಾಡಿ ತಿಳಿಯಲಿಕ್ಕೇ.

ಬಿಪಿ ಲೋ ಇದ್ರೆ ಇನ್ನೂ ಎರಡು ಬಾಟ್ಲು ಗ್ಲೂಕೋಸ್ ಹಾಕಬಾರದಾ?

ಮೊದಲು ಒಂದು ಮಾತು. ನೀವು ‘ಗ್ಲೂಕೋಸ್’ ಅನ್ನುವ ಬಾಟಲಿಯಲ್ಲಿ ಬಹುತೇಕ ಗ್ಲೂಕೋಸ್ ಇರುವುದೇ ಇಲ್ಲ. ಬಿಪಿಗೆ ಹಾಕುವುದು ನಾರ್ಮಲ್ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್, ಅಂದರೆ ಉಪ್ಪಿನಂಶದ ನೀರು. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ಎಂಬ ಡಾಕ್ಟರು ಕಾಲರಾದಿಂದ ಬತ್ತಿಹೋದವರ ರಕ್ತನಾಳಕ್ಕೆ ಉಪ್ಪುನೀರು ಕೊಟ್ಟರು. ಈ ಚಿಕಿತ್ಸೆ ಶುರುವಾದದ್ದು ಅಲ್ಲಿಂದ. ದ್ರವ ಹೋದವರಿಗೆ ಇಂದಿಗೂ ಅದೇ ಜೀವ ಉಳಿಸುತ್ತದೆ.

ಸೆಪ್ಸಿಸ್‌ನಲ್ಲಿ ಬಿಪಿ ಬಿದ್ದರೆ ಮೊದಲ 3 ಗಂಟೆಯಲ್ಲಿ ಕೆಜಿಗೆ ಸುಮಾರು 30 ಎಂಎಲ್ ಕೊಡುವ ರೂಢಿ ಇದೆ. 60 ಕೆಜಿಯವರಿಗೆ ಹತ್ತಿರಹತ್ತಿರ 1800 ಎಂಎಲ್. ಅಲ್ಲಿಂದ ಮುಂದೆ ಕೈ ಬಿಗಿ ಹಿಡಿಯಬೇಕು. ಸೆಪ್ಸಿಸ್‌ನಲ್ಲಿ ಸಣ್ಣ ನಾಳಗಳು ಸೋರುತ್ತವೆ. ಹಾಕಿದ ನೀರಿನ ದೊಡ್ಡ ಪಾಲು ಶ್ವಾಸಕೋಶಕ್ಕೆ, ಹೊಟ್ಟೆಗೆ, ಕೈಕಾಲಿಗೆ ಇಳಿಯುತ್ತದೆ. ಮುಖ ಊದಿದ್ದನ್ನು, ಉಂಗುರ ಕತ್ತರಿಸಿ ತೆಗೆದದ್ದನ್ನು ನೀವೇ ನೋಡಿರಬಹುದು. ಊದಿಕೊಂಡ ಅಂಗದೊಳಗೆ ಹರಿವು ಇನ್ನೂ ಕಡಿಮೆ.

ಆಫ್ರಿಕಾದ ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರ ಬಂದು ರಕ್ತದ ಓಡಾಟ ಕುಂದಿದ್ದ 3000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಒಮ್ಮೆಗೇ ಜಾಸ್ತಿ ದ್ರವ ಕೊಟ್ಟ ಗುಂಪುಗಳಲ್ಲೇ ಸಾವು ಹೆಚ್ಚಾಗಿತ್ತು. ಯಾರೂ ಅಂದುಕೊಂಡಿರದ ಫಲಿತಾಂಶ ಅದು. ಐಸಿಯು ಸೌಲಭ್ಯ ಇಲ್ಲದ ಆಸ್ಪತ್ರೆಗಳ ಮಕ್ಕಳವರು, ಅದನ್ನು ಇಲ್ಲಿಗೆ ಹಾಗೇ ತಂದು ಹಚ್ಚಲಾಗದು. ಆದರೂ ‘ಇನ್ನೊಂದು ಬಾಟ್ಲು ಹಾಕಿದ್ರೆ ಏನು ಹೋಗುತ್ತೆ’ ಅನ್ನುವ ಮಾತನ್ನು ಅಂದಿನಿಂದ ಯಾರೂ ಸಲೀಸಾಗಿ ಆಡುವುದಿಲ್ಲ.

ಕೆಲವೊಮ್ಮೆ ಎರಡೂ ಕಾಲು ಎತ್ತಿ ಹಿಡಿದು ಒಂದು ನಿಮಿಷ ಮಾನಿಟರ್ ನೋಡುತ್ತಾರೆ. ಕಾಲಿನ ರಕ್ತ ಹೃದಯಕ್ಕೆ ಬಂದಾಗ ಹೃದಯ ತಳ್ಳುವ ರಕ್ತ ಹೆಚ್ಚಿತೇ ಅನ್ನುವ ಪರೀಕ್ಷೆ ಅದು. ಹೆಚ್ಚದಿದ್ದರೆ ಇನ್ನಷ್ಟು ಬಾಟಲಿಯಿಂದಲೂ ಪ್ರಯೋಜನ ಇಲ್ಲ.

ಡೆಂಗ್ಯೂ ಜ್ವರ ಬಿಟ್ಟೇ ಹೋಯ್ತು, ಆಮೇಲೆ ಐಸಿಯುಗೆ ಹಾಕಿದ್ರು. ಯಾಕೆ ಹೀಗೆ?

ಮಳೆಗಾಲದಲ್ಲಿ ನಮ್ಮ ಕಡೆ ತಪ್ಪದೆ ಬರುವ ಪ್ರಶ್ನೆ. ಡೆಂಗ್ಯೂನಲ್ಲಿ ಅಪಾಯದ ಹೊತ್ತು ಶುರುವಾಗುವುದೇ ಜ್ವರ ಇಳಿಯುವಾಗ. 24ರಿಂದ 48 ಗಂಟೆ ಕಾಲ ರಕ್ತದ ನೀರಿನಂಶ ನಾಳದಿಂದ ಸೋರುತ್ತದೆ. ಎಲ್ಲರ ಕಣ್ಣು ಪ್ಲೇಟ್‌ಲೆಟ್ ಮೇಲೆ. ನಮ್ಮ ಕಣ್ಣು ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರದ ಮೇಲೆ. ಮೊದಲು ಕೆಳಗಿನದು ಏರುತ್ತದೆ. 100/80 ಅಂದರೆ ನೋಡಲು ಚೆನ್ನಾಗೇ ಇದೆ, ಆದರೆ ಅಂತರ ಬರೀ 20. ಅಂತರ 20 ಅಥವಾ ಅದಕ್ಕಿಂತ ಕಡಿಮೆ ಆಗಿ, ಕೈಕಾಲು ತಣ್ಣಗಿದ್ದರೆ ಅದು ಶಾಕ್. ಮೇಲಿನ ಸಂಖ್ಯೆ ಬೀಳುವವರೆಗೆ ಕಾದರೆ ತಡವಾಗುತ್ತದೆ. ಸೋರಿಕೆ ನಿಂತ ಮೇಲೆ ಅದೇ ನೀರು ನಾಳಕ್ಕೆ ವಾಪಸ್ ಬರುತ್ತದೆ. ಆಗಲೂ ಡ್ರಿಪ್ ಓಡುತ್ತಿದ್ದರೆ ಉಸಿರಾಟಕ್ಕೆ ತೊಂದರೆ. ಅದಕ್ಕೇ ನಿನ್ನೆ ಜೋರಾಗಿ ಹಾಕಿದ ಡ್ರಿಪ್ಪನ್ನು ಇವತ್ತು ನಿಲ್ಲಿಸಿರುತ್ತಾರೆ.

‘ಬಿಪಿ ಸಪೋರ್ಟ್’ ಅಂದ್ರೆ ಮೆಷಿನ್ನಾ?

ಮೆಷಿನ್ ಅಲ್ಲ, ಔಷಧ. ಸಾಮಾನ್ಯವಾಗಿ ನಾರ್‌ಅಡ್ರಿನಲಿನ್, ನಮ್ಮ ಬಾಯಲ್ಲಿ ‘ನಾರ್‌ಅಡ್’. ನಿಮ್ಮ ದೇಹವೂ ಇದನ್ನು ತಯಾರಿಸುತ್ತದೆ. ಸಡಿಲಬಿದ್ದ ನಾಳವನ್ನು ಬಿಗಿ ಮಾಡುತ್ತದೆ. ಇದು ಸೋಂಕನ್ನು ವಾಸಿ ಮಾಡುವುದಿಲ್ಲ. ಆಂಟಿಬಯೋಟಿಕ್ ಕೆಲಸ ಮಾಡುವವರೆಗೆ, ಕೀವು ತೆಗೆಯುವವರೆಗೆ ಅಂಗಗಳಿಗೆ ರಕ್ತ ಮುಟ್ಟಿಸುತ್ತಾ ಕಾಲ ದೂಡುತ್ತದೆ, ಅಷ್ಟೇ.

ಬೆಡ್ ಪಕ್ಕದ ಸ್ಟ್ಯಾಂಡಿನಲ್ಲಿ 50 ಎಂಎಲ್ ಸಿರಿಂಜ್ ಅಡ್ಡಡ್ಡ ಕೂತಿರುವ ಸಣ್ಣ ಪಂಪ್ ನೋಡಿರುತ್ತೀರಿ. ಈ ಔಷಧ ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ, ಹಾಗಾಗಿ ಒಂದೇ ಸಮ ಹೋಗುತ್ತಿರಬೇಕು. ಸಿರಿಂಜ್ ಖಾಲಿಯಾಗುವ ಹೊತ್ತು ನಮಗೆ ಸ್ವಲ್ಪ ಎದೆ ಡವಡವ. ಸಿಸ್ಟರ್ ಮೊದಲೇ ಇನ್ನೊಂದು ಸಿರಿಂಜ್ ತುಂಬಿ, ಲೇಬಲ್ ಅಂಟಿಸಿ, ಎರಡನೇ ಪಂಪ್‌ನಲ್ಲಿ ಓಡಿಸಿಟ್ಟು, ಬಿಪಿ ನೋಡುತ್ತಾ ಹಳೆಯದನ್ನು ಇಳಿಸುತ್ತಾರೆ. ಆ ಎರಡು ನಿಮಿಷ ಅವರನ್ನು ಮಾತಾಡಿಸಬೇಡಿ. ನಡುವೆ ಒಂದರ್ಧ ನಿಮಿಷ ತಪ್ಪಿದರೂ ಬಿಪಿ 50ಕ್ಕೆ ಇಳಿಯಬಹುದು, ಜಾಸ್ತಿ ಹೋದರೆ 200ಕ್ಕೆ ಹಾರಬಹುದು.

ಇನ್ನೊಂದು ವಿಷಯ. ‘5 ಎಂಎಲ್‌ನಲ್ಲಿ ಹೋಗ್ತಿದೆ’ ಅಂತ ಕೇಳಿಸಿಕೊಂಡು ಬೇರೆ ಆಸ್ಪತ್ರೆಯ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದರೆ ಅವರಿಗೆ ಏನೂ ತಿಳಿಯದು. ಒಂದೊಂದು ಕಡೆ ಒಂದೊಂದು ಹದದಲ್ಲಿ ಕಲಸಿರುತ್ತಾರೆ. ಕೆಜಿಗೆ, ನಿಮಿಷಕ್ಕೆ ಎಷ್ಟು ಮೈಕ್ರೋಗ್ರಾಂ ಅಂತ ಕೇಳಿ.

ಒಂದಿದ್ದ ಔಷಧ ಈಗ ಎರಡಾಯ್ತು. ಕೈಬೆರಳು ಬೇರೆ ಕಪ್ಪಾಗ್ತಿದೆ.

ಒಳ್ಳೆಯ ಸೂಚನೆ ಅಲ್ಲ, ಸುಳ್ಳು ಹೇಳಲಾರೆ. ನಾರ್‌ಅಡ್ ಕೆಜಿಗೆ ನಿಮಿಷಕ್ಕೆ 0.25ರಿಂದ 0.5 ಮೈಕ್ರೋಗ್ರಾಂ ಮುಟ್ಟುವ ಹೊತ್ತಿಗೆ ಸಾಮಾನ್ಯವಾಗಿ ವ್ಯಾಸೋಪ್ರೆಸಿನ್ ಸೇರಿಸುತ್ತಾರೆ, ಜೊತೆಗೆ ಹೈಡ್ರೋಕಾರ್ಟಿಸೋನ್ ಎಂಬ ಸ್ಟೀರಾಯ್ಡ್. ಒಂದನ್ನೇ ಮಿತಿಮೀರಿ ಏರಿಸುವ ಬದಲು ಬೇರೆ ಬೇರೆ ದಾರಿಯಿಂದ ಸ್ವಲ್ಪ ಸ್ವಲ್ಪ ಬಿಗಿ ಮಾಡುವುದು ಉದ್ದೇಶ. ಬೆರಳು ಕಪ್ಪಾಗುವುದಕ್ಕೆ ಔಷಧದ ಬಿಗಿತವೂ ಕಾರಣ, ಕಾಯಿಲೆಯಿಂದ ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದೂ ಕಾರಣ. ಪೈಪಿನ ಬಾಯಿ ಮುಚ್ಚಿದ ಹೆಬ್ಬೆರಳಿನ ಮಾತು ಇಲ್ಲಿಗೇ ಬರುತ್ತದೆ. ಮಿದುಳು, ಹೃದಯ ಉಳಿಸಲು ಹೋಗಿ ಬೆರಳಿನ ಹರಿವು ಬಲಿಯಾಗುತ್ತದೆ. ಆ ಕೈಗೆ ಬಿಸಿನೀರಿನ ಶಾಖ ಕೊಡಬೇಡಿ, ಉಜ್ಜಬೇಡಿ.

ತೋಳಿಗೆ ಬಿಪಿ ಪಟ್ಟಿ ಇದೆಯಲ್ಲ, ಮಣಿಕಟ್ಟಿಗೆ ಸೂಜಿ ಯಾಕೆ?

ಪಟ್ಟಿ ಐದೋ ಹತ್ತೋ ನಿಮಿಷಕ್ಕೊಮ್ಮೆ ಅಳೆಯುತ್ತದೆ. ನಾರ್‌ಅಡ್ ಮೇಲಿರುವವರಿಗೆ ಅದು ಸಾಲದು. ಬಿಪಿ ತೀರಾ ಇಳಿದಾಗ ಪಟ್ಟಿಯ ಲೆಕ್ಕವೂ ಅಷ್ಟು ನೆಚ್ಚಿಕೆಯದಲ್ಲ. ಮಣಿಕಟ್ಟಿನ ಅಪಧಮನಿಯಲ್ಲಿ ಕೂರಿಸಿದ ಕೊಳವೆ ಪ್ರತಿ ಬಡಿತದ ಒತ್ತಡ ತೋರಿಸುತ್ತದೆ. ರಕ್ತ ಪರೀಕ್ಷೆಗೂ ಅದರಿಂದಲೇ ತೆಗೆಯಬಹುದು, ಮತ್ತೆ ಮತ್ತೆ ಚುಚ್ಚುವುದು ತಪ್ಪುತ್ತದೆ.

ಅದಕ್ಕೂ ಒಂದು ತರಲೆ ಉಂಟು. ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರ್ ಹೃದಯದ ಮಟ್ಟದಲ್ಲೇ ಇರಬೇಕು. ಅದು 10 ಸೆಂಟಿಮೀಟರ್ ಕೆಳಗಿದ್ದರೆ ಬಿಪಿ ಸುಮಾರು 7ರಿಂದ 8 ಜಾಸ್ತಿ ತೋರಿಸುತ್ತದೆ. ಬೆಡ್ ಏರಿಸಿದ ತಕ್ಷಣ ‘ಬಿಪಿ ಚೆನ್ನಾಗಾಯ್ತು’ ಅಂತ ಖುಷಿಪಟ್ಟರೆ, ಟ್ರಾನ್ಸ್‌ಡ್ಯೂಸರ್ ಮೊದಲಿನ ಜಾಗದಲ್ಲೇ ಉಳಿದಿದೆ ಅಂತಲೂ ಆಗಿರಬಹುದು.

ಡಾಕ್ಟರ್ ಬಂದವರೇ ಬೆರಳು ಒತ್ತಿ ನೋಡ್ತಾರೆ, ಮಂಡಿ ನೋಡ್ತಾರೆ. ಏನು ನೋಡ್ತಾರೆ?

ಹರಿವು ನೋಡುತ್ತಾರೆ. ಬೆರಳ ತುದಿಯನ್ನು ಬಿಳಿಚುವವರೆಗೆ ಒತ್ತಿ, 10 ಸೆಕೆಂಡ್ ಹಿಡಿದು ಬಿಟ್ಟರೆ ಬಣ್ಣ 3 ಸೆಕೆಂಡಿನೊಳಗೆ ಮರಳಬೇಕು. ಬಣ್ಣ ಮರಳಲು ಅದಕ್ಕಿಂತ ಜಾಸ್ತಿ ಹೊತ್ತಾದರೆ ಚರ್ಮಕ್ಕೆ ರಕ್ತ ಸಾಲುತ್ತಿಲ್ಲ ಅಂತ ಅರ್ಥ. ಮಂಡಿಯ ಸುತ್ತ ನೇರಳೆ ಬಣ್ಣದ ಬಲೆಯಂಥ ಕಲೆ ಬಂದಿದ್ದರೆ ಅದೂ ಕೆಟ್ಟ ಲಕ್ಷಣ. 2019ರಲ್ಲಿ ದಕ್ಷಿಣ ಅಮೆರಿಕದ ಐದು ದೇಶಗಳಲ್ಲಿ 424 ಪೇಷೆಂಟ್‌ಗಳ ಮೇಲೆ ಈ ಬೆರಳೊತ್ತುವ ಪರೀಕ್ಷೆಯನ್ನು ರಕ್ತದ ಲ್ಯಾಕ್ಟೇಟ್ ಪರೀಕ್ಷೆಯ ಎದುರು ನಿಲ್ಲಿಸಿದರು. ಕಾಸು ಖರ್ಚಿಲ್ಲದ ಬೆರಳೇನೂ ಹಿಂದೆ ಬೀಳಲಿಲ್ಲ.

ಲ್ಯಾಕ್ಟೇಟ್ 2ರ ಒಳಗಿದ್ದರೆ ಸಾಮಾನ್ಯ. ಅಂಗಾಂಶಕ್ಕೆ ಆಕ್ಸಿಜನ್ ಸಾಲದಿದ್ದಾಗ ಅದು ಏರುತ್ತದೆ. ಲಿವರ್ ತೊಂದರೆಯಿಂದ, ಕೆಲವು ಔಷಧಗಳಿಂದಲೂ ಏರಬಹುದು, ಹಾಗಾಗಿ ಒಂದೇ ರಿಪೋರ್ಟ್ ಹಿಡಿದು ಕೂರುವುದಿಲ್ಲ.

ಮೂತ್ರ ಎಷ್ಟಾಯ್ತು ಅಂತ ಗಂಟೆಗೊಮ್ಮೆ ಬರೀತಾರಲ್ಲ?

ದೇಹದ ತೂಕದಲ್ಲಿ ಎರಡೂ ಕಿಡ್ನಿಯ ಪಾಲು ಶೇಕಡ ಅರ್ಧವೂ ಇಲ್ಲ. ಆದರೆ ಹೃದಯ ತಳ್ಳುವ ರಕ್ತದಲ್ಲಿ ಐದರಲ್ಲೊಂದು ಪಾಲು ಅವಕ್ಕೇ ಹೋಗುತ್ತದೆ. ಹರಿವು ಕಡಿಮೆಯಾದರೆ ಮೊದಲು ಪೆಟ್ಟು ತಿನ್ನುವವುಗಳಲ್ಲಿ ಅವೂ ಸೇರಿವೆ. ಗಂಟೆಗೆ ಕೆಜಿಗೆ ಅರ್ಧ ಎಂಎಲ್ ಬರಬೇಕು, 60 ಕೆಜಿಯವರಿಗೆ 30 ಎಂಎಲ್. ಲೇಸಿಕ್ಸ್ ಎಂಬ ಮೂತ್ರ ಬರಿಸುವ ಔಷಧ ಕೊಟ್ಟು ಬಂದ ಮೂತ್ರವನ್ನು ನೋಡಿ ಹರಿವು ಸುಧಾರಿಸಿತು ಅನ್ನಲಾಗದು.

ಸ್ಟ್ರೋಕ್ ಆದ ನಮ್ಮಮ್ಮನ ಬಿಪಿ 190, ಸುಮ್ನೆ ಬಿಟ್ಟಿದ್ದಾರೆ. ಪಕ್ಕದ ಬೆಡ್‌ನವರದ್ದು ಮಾತ್ರ ಇಳಿಸ್ತಿದ್ದಾರೆ!

ಇದು ಭೇದಭಾವ ಅಲ್ಲ. ನಿಮ್ಮಮ್ಮನದು ಹೆಪ್ಪಿನಿಂದ ಆದ ಸ್ಟ್ರೋಕ್ ಇರಬೇಕು. ಮುಚ್ಚಿದ ನಾಳದ ಸುತ್ತಲಿನ ಭಾಗ ಅಕ್ಕಪಕ್ಕದ ಸಣ್ಣ ನಾಳಗಳಿಂದ ಬರುವ ರಕ್ತದ ಮೇಲೆ ಬದುಕುತ್ತಿರುತ್ತದೆ, ಅದಕ್ಕೆ ಒತ್ತಡ ಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡದಿದ್ದರೆ, ಬೇರೆ ತುರ್ತು ಕಾರಣ ಇಲ್ಲದಿದ್ದರೆ, ಮೊದಲ ದಿನಗಳಲ್ಲಿ 220/120ರವರೆಗೂ ಬಿಡುತ್ತಾರೆ. ಇಂಜೆಕ್ಷನ್ ಕೊಡುವುದಾದರೆ ಮೊದಲು 185/110ರ ಒಳಗೆ ತರಬೇಕು. ಪಕ್ಕದವರದು ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದರೆ ಲೆಕ್ಕವೇ ಬೇರೆ, ಅಲ್ಲಿ ಗುರಿ 140ರ ಆಸುಪಾಸು.

ತಲೆಗೆ ಪೆಟ್ಟು ಬಿದ್ದವರಲ್ಲಿ ಬಿಪಿ ಇಳಿಯಲೇಬಾರದು. ಊದಿದ ಮಿದುಳೇ ನಾಳವನ್ನು ಹೊರಗಿಂದ ಅದುಮುತ್ತಿರುತ್ತದೆ. ಅದೇ ಅಪಘಾತದಲ್ಲಿ ತಲೆ ಸರಿಯಿದ್ದು ಹೊಟ್ಟೆಯೊಳಗೆ ರಕ್ತ ಸುರಿಯುತ್ತಿದ್ದರೆ, ಆಪರೇಷನ್‌ನಲ್ಲಿ ಅದು ನಿಲ್ಲುವವರೆಗೆ ಮೇಲಿನ ಬಿಪಿ 80ರಿಂದ 90 ಸಾಕು ಅಂತ ಬಿಡುವುದುಂಟು. ಏರಿಸಿದರೆ ಸ್ರಾವವೂ ಏರುತ್ತದೆ.

ವೆಂಟಿಲೇಟರ್ ಹಾಕಿದ ಮೇಲೇ ಬಿಪಿ ಬಿತ್ತು. ಅದರಿಂದಲೇನಾ?

ಸ್ವಲ್ಪ ಮಟ್ಟಿಗೆ ಹೌದು. ವೆಂಟಿಲೇಟರ್ ಗಾಳಿಯನ್ನು ಒಳಗೆ ಒತ್ತುತ್ತದೆ, ಎದೆಯೊಳಗಿನ ಒತ್ತಡ ಏರಿ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ನಿದ್ದೆ ಬರಿಸುವ ಔಷಧವೂ ನಾಳವನ್ನು ಸಡಿಲಿಸುತ್ತದೆ. ಇದು ಮೊದಲೇ ಗೊತ್ತಿರುವುದರಿಂದ ಟ್ಯೂಬ್ ಹಾಕುವ ಮೊದಲೇ ನಾರ್‌ಅಡ್ ತಯಾರಿಟ್ಟುಕೊಳ್ಳುತ್ತೇವೆ.

ಎಳನೀರು ತಂದಿದೀನಿ, ಕೊಡಬಹುದಾ?

ಕೇಳದೇ ಕೊಡಬೇಡಿ. ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದಿದ್ದರೆ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತದೆ.

ದಿನಕ್ಕೆ ಐದು ನಿಮಿಷ ಡಾಕ್ಟರ್ ಸಿಗ್ತಾರೆ. ಏನು ಕೇಳಬೇಕು?

‘ಬಿಪಿ ಎಷ್ಟು’ ಅಂತ ಕೇಳಬೇಡಿ. ಅದನ್ನು ಔಷಧದಿಂದ 65ಕ್ಕೆ ಕಟ್ಟಿಹಾಕಿರುತ್ತೇವೆ. ನಿನ್ನೆಯೂ 65, ಇವತ್ತೂ 65, ಆದರೆ ನಿನ್ನೆ 0.1ರಲ್ಲಿದ್ದ ನಾರ್‌ಅಡ್ ಇವತ್ತು 0.4 ಆಗಿದ್ದರೆ ಕಾಯಿಲೆ ಜೋರಾಗಿದೆ. ಹಾಗಾಗಿ ಕೇಳಬೇಕಾದ್ದು: ನಿನ್ನೆಗಿಂತ ಸಪೋರ್ಟ್ ಏರಿದೆಯಾ, ಇಳಿದಿದೆಯಾ? ಮೂತ್ರ ಬರ್ತಿದೆಯಾ? ಲ್ಯಾಕ್ಟೇಟ್ ಯಾವ ಕಡೆ ಹೋಗ್ತಿದೆ? ಸೋಂಕು ಎಲ್ಲಿಂದ ಅಂತ ಸಿಕ್ಕಿತಾ? ಮನೆಯವರೆಲ್ಲ ಸೇರಿ ಹತ್ತು ಜನ ಕೇಳುವುದಕ್ಕಿಂತ ಒಬ್ಬರೇ ದಿನಾ ಕೇಳಿ ಬರೆದಿಟ್ಟುಕೊಂಡರೆ ನಿಮಗೇ ದಿಕ್ಕು ತಿಳಿಯುತ್ತದೆ.

ಸಪೋರ್ಟ್ ಇಳಿಸ್ತಿದ್ದಾರೆ ಅಂದ್ರೆ ಗಂಡಾಂತರ ಕಳೀತಾ?

ಒಳ್ಳೆಯ ಸುದ್ದಿಯೇ. ಆದರೆ ಹಂತಹಂತವಾಗಿ ಇಳಿಸುತ್ತಾರೆ, ನಡುವೆ ಒಂದೆರಡು ಸಲ ಮತ್ತೆ ಏರಿಸಬೇಕಾಗಿ ಬಂದರೆ ಎದೆಗುಂದಬೇಡಿ. ಡಯಾಲಿಸಿಸ್ ಇದ್ದ ದಿನ ಹಾಗಾಗುವುದು ತೀರಾ ಮಾಮೂಲಿ. ಇಳಿಸಿದ ಬೆನ್ನಿಗೇ ಹೊಸದಾಗಿ ಜ್ವರ ಬಂದು ಡೋಸ್ ಮತ್ತೆ ಏರಿದರೆ ಮಾತ್ರ ಬೇರೆ ಸೋಂಕೇನಾದರೂ ಸೇರಿತಾ ಅಂತ ಹುಡುಕುತ್ತಾರೆ.

ಮನೆಗೆ ಹೋದ ಮೇಲೆ ಹಳೇ ಬಿಪಿ ಮಾತ್ರೆ ಶುರು ಮಾಡಬಹುದಾ?

ನೀವಾಗಿಯೇ ಶುರು ಮಾಡಬೇಡಿ, ಪೂರ್ತಿ ಬಿಟ್ಟೂ ಬಿಡಬೇಡಿ. ವಾರಗಟ್ಟಲೆ ಮಲಗಿ, ತೂಕ ಇಳಿದು ಬಂದವರಿಗೆ ಹಳೇ ಡೋಸ್ ಜಾಸ್ತಿಯಾಗಿ ಬಚ್ಚಲಲ್ಲಿ ತಲೆಸುತ್ತಿ ಬೀಳುವುದುಂಟು. ಡಿಸ್ಚಾರ್ಜ್ ಚೀಟಿಯಲ್ಲಿ ಬಿಪಿ ಮಾತ್ರೆಯ ಬಗ್ಗೆ ಏನೂ ಬರೆದಿಲ್ಲದಿದ್ದರೆ ಅಲ್ಲೇ ಕೇಳಿ ಬರೆಸಿಕೊಳ್ಳಿ. ಬೆಳಗ್ಗೆ ಸಂಜೆ ಕೂತು ಒಮ್ಮೆ, ನಿಂತು ಒಮ್ಮೆ ಬಿಪಿ ನೋಡಿ ಬರೆದಿಡಿ. ಮೊದಲ ಫಾಲೋ ಅಪ್‌ಗೆ ಆ ಚೀಟಿ ಜೊತೆಗಿರಲಿ, ಕಿಡ್ನಿಯ ಕ್ರಿಯಾಟಿನಿನ್ ಪರೀಕ್ಷೆಯೂ ಆಗಿರಲಿ. ಯಾವ ಮಾತ್ರೆ, ಎಷ್ಟರಿಂದ ಶುರು ಅನ್ನುವುದನ್ನು ಅವೆರಡನ್ನು ನೋಡಿ ಹೇಳುತ್ತಾರೆ.